ಅಗಿದನೋ, ನುಂಗಿದನೋ?

ಗುಲಗಂಜಿ ನೋಡಲು ಚೆಂದ. ಹೊಳೆಯುವ ಕೆಂಪು ಮೈ, ಒಂದು ತುದಿಗೆ ಕಪ್ಪು ಬೊಟ್ಟು. ಒಂದು ಕಾಲಕ್ಕೆ ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನದೆದುರು ಕೂರುತ್ತಿದ್ದ ಈ ಬೀಜ ಈಗಲೂ ಬೇಲಿಸಾಲಿನ ಬಳ್ಳಿಯಲ್ಲಿ, ಜಾತ್ರೆಯಲ್ಲಿ ಮಾರುವ ಸರಗಳಲ್ಲಿ, ಮಕ್ಕಳ ಆಟದ ಡಬ್ಬಿಯಲ್ಲಿ ಸಿಗುತ್ತದೆ. ಮೂರು ವರ್ಷದ ಮಗುವೊಂದು ಅದನ್ನು ಬಾಯಿಗೆ ಹಾಕಿಕೊಂಡಿತು ಅನ್ನೋಣ. ಮನೆಯವರು ಕಂಗಾಲಾಗಿ ಫೋನ್ ಮಾಡುತ್ತಾರೆ. ವಿಷ ಮಾಹಿತಿ ಕೇಂದ್ರದಲ್ಲಿ ಕರೆ ಎತ್ತಿಕೊಂಡವರು ಕೇಳುವುದು ಇದನ್ನು: ಅಗಿದನೋ, ಹಾಗೇ ನುಂಗಿದನೋ? ಬೀಜಕ್ಕೆ ತೂತು ಇತ್ತೇ?

ಗುಲಗಂಜಿಯೊಳಗೆ ಅಬ್ರಿನ್ ಎಂಬ ಉಗ್ರ ವಿಷವಿದೆ. ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ಅದು ನಿಲ್ಲಿಸಿಬಿಡುತ್ತದೆ. ಆದರೆ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಇಡಿಯಾಗಿ ನುಂಗಿದ್ದು ಜಠರರಸಕ್ಕೂ ಜಗ್ಗದೆ ಸಾಮಾನ್ಯವಾಗಿ ಮಲದಲ್ಲಿ ಹಾಗೇ ಹೊರಬೀಳುತ್ತದೆ. ಹಲ್ಲಿಗೆ ಸಿಕ್ಕಿ ಒಡೆದಿದ್ದರೆ ಅಥವಾ ಸರಕ್ಕೆ ಪೋಣಿಸಲು ತೂತು ಕೊರೆದ ಬೀಜವಾಗಿದ್ದರೆ ಮಾತೇ ಬೇರೆ. ಆ ಮಗು ಕೂಡಲೇ ಆಸ್ಪತ್ರೆ ಸೇರಬೇಕು. ಬೀಜ ಒಂದೇ, ಮಗು ಒಂದೇ. ಒಂದು ಪ್ರಶ್ನೆಯ ಉತ್ತರದ ಮೇಲೆ ಆ ಮನೆಯ ರಾತ್ರಿ ಹೇಗೆ ಕಳೆಯಬೇಕೆಂಬುದು ತೀರ್ಮಾನವಾಗುತ್ತದೆ. ವಿಷ ಮಾಹಿತಿ ಕೇಂದ್ರವೆಂದರೆ ಮದ್ದು ಕೊಡುವ ಜಾಗ ಎಂದು ಅನೇಕರು ತಿಳಿದಿದ್ದಾರೆ. ಅಲ್ಲಿ ಹಾಸಿಗೆಯಿಲ್ಲ, ಡ್ರಿಪ್ ಇಲ್ಲ. ಇರುವುದು ಫೋನು, ಮಾಹಿತಿಯ ಭಂಡಾರ ಮತ್ತು ಏನನ್ನು ಯಾವ ಕ್ರಮದಲ್ಲಿ ಕೇಳಬೇಕೆಂದು ಬಲ್ಲ ಮನುಷ್ಯರು.

ನಮ್ಮ ದೇಶದಲ್ಲಿ ಈ ಕೆಲಸದ ಮುಖ್ಯ ನೆಲೆ ದೆಹಲಿಯ ಏಮ್ಸ್. ಅಲ್ಲಿನ ಔಷಧವಿಜ್ಞಾನ ವಿಭಾಗದಲ್ಲಿ 1995ರಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಶುರುವಾಯಿತು. ಹಗಲಿರುಳೂ ನಡೆಯುವ ಸೇವೆ. ದೇಶದ ಯಾವ ಮೂಲೆಯಿಂದಲಾದರೂ, ವೈದ್ಯರಾದರೂ ಮನೆಯವರಾದರೂ, ಶುಲ್ಕವಿಲ್ಲದೆ ಕರೆ ಮಾಡಬಹುದು: 1800 116 117. ಚೆನ್ನೈ, ಕೊಚ್ಚಿ, ಅಹಮದಾಬಾದ್‌ಗಳಲ್ಲೂ ಇಂಥ ಕೇಂದ್ರಗಳಿವೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿ ವಿಭಾಗದವರು ವಿಷ ಮಾಹಿತಿಯ ಕೆಲಸ ಮಾಡುತ್ತಾ ಬಂದಿದ್ದಾರೆ. ಇಷ್ಟಾದರೂ ಈ ಸಂಖ್ಯೆ ತಮ್ಮ ಫೋನಿನಲ್ಲಿದೆ ಎನ್ನುವ ಗೃಹಸ್ಥರನ್ನು ನಾನು ಇದುವರೆಗೆ ಕಂಡಿಲ್ಲ. ಆಂಬುಲೆನ್ಸ್‌ಗೆ 108 ಎಂದರೆ ಶಾಲೆಯ ಮಗುವಿಗೂ ಗೊತ್ತು. ಇದು ಓದಿದವರಿಗೂ ಗೊತ್ತಿಲ್ಲ.

ಇಂಥ ಕೇಂದ್ರವೊಂದು ಬೇಕೆಂಬ ಯೋಚನೆ ಗಟ್ಟಿಯಾದದ್ದು ಅಮೆರಿಕದ ಷಿಕಾಗೊ ನಗರದಲ್ಲಿ. 1952ರಲ್ಲಿ ಆ ದೇಶದ ಮಕ್ಕಳ ವೈದ್ಯರ ಸಂಘ ನಡೆಸಿದ ಸಮೀಕ್ಷೆ ಬೆಚ್ಚಿಬೀಳಿಸುವ ಸಂಗತಿ ಹೇಳಿತು. ಮಕ್ಕಳಿಗೆ ಆಗುವ ಅಪಘಾತಗಳಲ್ಲಿ ಸುಮಾರು ಅರ್ಧ, ತಿನ್ನಬಾರದ್ದನ್ನು ತಿಂದು, ಕುಡಿಯಬಾರದ್ದನ್ನು ಕುಡಿದು ಆದದ್ದು. ಎರಡನೇ ಮಹಾಯುದ್ಧದ ನಂತರ ಮನೆಮನೆಗೂ ಹೊಸ ಹೊಸ ರಾಸಾಯನಿಕಗಳು ನುಗ್ಗಿದ್ದವು. ಬಾಟಲಿಯೊಳಗೆ ಏನಿದೆ ಎಂದು ವೈದ್ಯರಿಗೂ ತಿಳಿಯುತ್ತಿರಲಿಲ್ಲ. ಷಿಕಾಗೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಲೂಯಿಸ್ ಗ್ಡಾಲ್ಮನ್ ಎಂಬ ಫಾರ್ಮಸಿಸ್ಟ್ ಇದ್ದರು. ಯಾವ ಸರಕಿನಲ್ಲಿ ಯಾವ ರಾಸಾಯನಿಕ, ಅದು ದೇಹಕ್ಕೆ ಏನು ಮಾಡುತ್ತದೆ, ಚಿಕಿತ್ಸೆ ಏನು ಎಂದು ಚಿಕ್ಕ ಚಿಕ್ಕ ಕಾರ್ಡುಗಳಲ್ಲಿ ಬರೆದಿಡುತ್ತಾ ಬಂದವರು. ವೈದ್ಯರು ಹೊತ್ತುಗೊತ್ತಿಲ್ಲದೆ ಫೋನ್ ಮಾಡಿದರೂ ಉತ್ತರಿಸುತ್ತಿದ್ದರು. 1953ರಲ್ಲಿ ವೈದ್ಯ ಎಡ್ವರ್ಡ್ ಪ್ರೆಸ್ ಜೊತೆ ಸೇರಿ ಮೊದಲ ವಿಷ ನಿಯಂತ್ರಣ ಕೇಂದ್ರಕ್ಕೆ ರೂಪ ಕೊಟ್ಟರು. ಒಬ್ಬ ಫಾರ್ಮಸಿಸ್ಟನ ಶಿಸ್ತು ಹೀಗೆ ಒಂದು ಸಂಸ್ಥೆಯಾಯಿತು. ಮುಂದೆ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ 1963ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸೇವೆ ಶುರುವಾಯಿತು. ಕಾರ್ಡಿನ ಜಾಗಕ್ಕೆ ಈಗ ಕಂಪ್ಯೂಟರ್ ಬಂದಿದೆ. ಕೆಲಸದ ಕ್ರಮ ಹೆಚ್ಚೇನೂ ಬದಲಾಗಿಲ್ಲ.

ಕರೆ ಬಂದೊಡನೆ ಮೊದಲು ತಿಳಿಯಬೇಕಾದ್ದು ರೋಗಿಗೆ ಎಚ್ಚರವಿದೆಯೇ, ಉಸಿರು ಸರಾಗವಾಗಿದೆಯೇ ಎಂಬುದು. ಇಲ್ಲವೆಂದರೆ ಮಾತು ಅಲ್ಲಿಗೇ ನಿಂತು ಆಂಬುಲೆನ್ಸ್‌ನತ್ತ ತಿರುಗುತ್ತದೆ. ಎಚ್ಚರವಿದ್ದರೆ ಮುಂದಿನವು: ವಯಸ್ಸೆಷ್ಟು, ತೂಕವೆಷ್ಟು, ಏನು, ಎಷ್ಟು, ಯಾವಾಗ, ಬಾಯಿಂದಲೋ ಚರ್ಮದಿಂದಲೋ ಉಸಿರಿನಿಂದಲೋ, ಈಗಾಗಲೇ ಏನು ಕೊಟ್ಟಿದ್ದೀರಿ. ಇವುಗಳಲ್ಲಿ ಬಲು ಕಷ್ಟದ್ದು ‘ಏನು’ ಎಂಬುದೇ. ‘ಹತ್ತಿಗೆ ಹೊಡೆಯೋ ಔಷಧಿ’, ‘ಬಾತ್‌ರೂಮ್ ತೊಳೆಯೋದು’, ‘ಇಲಿ ಪಾಷಾಣ’ ಎಂದೇ ಕರೆ ಮಾಡುವವರು ಹೇಳುತ್ತಾರೆ. ಇಲಿ ಪಾಷಾಣವೆಂದು ಅಂಗಡಿಯಲ್ಲಿ ಸಿಗುವುದು ಒಂದೇ ವಸ್ತುವಲ್ಲ. ಬಿಲ್ಲೆಯ ರೂಪದಲ್ಲಿ ಸಿಗುವುದು ಹೆಚ್ಚಾಗಿ ರಕ್ತ ಹೆಪ್ಪುಗಟ್ಟದಂತೆ ಮಾಡುವಂಥದ್ದು. ಅದಕ್ಕೆ ವಿಟಮಿನ್ ‘ಕೆ’ ಚಿಕಿತ್ಸೆ. ಟ್ಯೂಬಿನಲ್ಲಿ ಬರುವ ಪೇಸ್ಟ್‌ನಲ್ಲಿ ಹಳದಿ ರಂಜಕವಿರುತ್ತದೆ. ಅದು ಯಕೃತ್ತಿಗೆ ಏಟು ಕೊಡುತ್ತದೆ. ಕಪ್ಪು ಪುಡಿಯಾದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯಲ್ಲಿ ಅನಿಲವಾಗುವಂಥದ್ದು. ಮೂರಕ್ಕೂ ಆರೈಕೆ ಬೇರೆ ಬೇರೆ. ಹಾಗಾಗಿಯೇ ಕೇಂದ್ರದವರು ಪಟ್ಟುಹಿಡಿದು ಕೇಳುತ್ತಾರೆ: ಬಿಲ್ಲೆಯೋ, ಪೇಸ್ಟೋ, ಪುಡಿಯೋ? ಡಬ್ಬಿ ಎಲ್ಲಿದೆ? ಅದರ ಮೇಲೆ ಬರೆದದ್ದನ್ನು ಒಂದೊಂದೇ ಅಕ್ಷರ ಓದಿ.

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಚೌಕದೊಳಗೆ ಬಣ್ಣದ ತ್ರಿಕೋನ ಇರುವುದನ್ನು ರೈತರು ನೋಡಿರುತ್ತಾರೆ. ಕೆಂಪು ಅತಿ ಉಗ್ರ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನಂತರ ನೀಲಿ, ಕೊನೆಗೆ ಹಸಿರು. ಓದು ಬಾರದವರೂ ಫೋನಿನಲ್ಲಿ ಆ ಬಣ್ಣ ಹೇಳಬಲ್ಲರು. ಜೊತೆಗೆ ಕೊಡುವ ಮಡಚಿದ ಕಾಗದದಲ್ಲಿ ವಿಷದ ಲಕ್ಷಣ, ಪ್ರತಿವಿಷ ಎರಡನ್ನೂ ಅಚ್ಚುಹಾಕಿರಬೇಕೆಂಬ ನಿಯಮವಿದೆ. ಹೊಲದ ಬದುವಿನಲ್ಲೇ ಹರಿದು ಬಿಸಾಡುವ ಆ ಚೀಟಿ ವೈದ್ಯರ ಕೈಗೆ ಸಿಕ್ಕರೆ ಅರ್ಧ ಗಂಟೆ ಉಳಿಯುತ್ತದೆ.

ಏಮ್ಸ್ ಕೇಂದ್ರಕ್ಕೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಮನೆಬಳಕೆಯ ವಸ್ತುಗಳದ್ದು. ಫಿನಾಯಿಲ್, ಸೊಳ್ಳೆ ಓಡಿಸುವ ದ್ರವ, ಸೀಮೆಎಣ್ಣೆ, ನುಸಿಗುಳಿಗೆ. ಈ ಕರೆಗಳಿಗೆ ಸಿಗುವ ಉತ್ತರ ಎಷ್ಟೋ ಸಲ ‘ಏನೂ ಮಾಡಬೇಡಿ’ ಎಂಬುದು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಕಾಳು, ಬಳಪದ ಚೂರು, ಒಡೆದ ಥರ್ಮಾಮೀಟರಿನಿಂದ ನುಂಗಿದ ಪಾದರಸದ ಹನಿ ಇವುಗಳಿಂದ ಸಾಮಾನ್ಯವಾಗಿ ವಿಷವೇರುವುದಿಲ್ಲ. ಅಮೆರಿಕದ ಕೇಂದ್ರಗಳ ಅನುಭವದಲ್ಲಿ ವಿಷದ ಕರೆಗಳ ಸುಮಾರು ಮೂರನೇ ಎರಡರಷ್ಟು ಪ್ರಕರಣ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಮುಗಿಯುತ್ತವೆ. ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ರಾತ್ರೋರಾತ್ರಿ ಕಾರು ಬಾಡಿಗೆ ಮಾಡುವ ಕುಟುಂಬಕ್ಕೆ ಈ ಒಂದು ಮಾತಿನ ಬೆಲೆ ಎಷ್ಟೆಂದು ಯೋಚಿಸಿ.

ಇದರ ಇನ್ನೊಂದು ಮಗ್ಗುಲು ಹೆಚ್ಚು ಗಂಭೀರ. ನಾವು ನಿರುಪದ್ರವಿ ಅಂದುಕೊಂಡಿರುವ ಕೆಲವು ವಸ್ತುಗಳು ಹಾಗಿಲ್ಲ. ದೇವರ ಮನೆಯ ಕರ್ಪೂರ ಪುಟ್ಟ ಮಗುವಿನ ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಸೆಳವು ಬರಬಹುದು. ಗಡಿಯಾರದ, ಆಟಿಕೆಯ, ರಿಮೋಟ್‌ನ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅದರ ಗೋಡೆ ಸುಡತೊಡಗುತ್ತದೆ. ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು ಅಲ್ಲೇ ಕ್ಷಾರ ಹುಟ್ಟುವುದರಿಂದ ಹೀಗಾಗುತ್ತದೆ. ಎಕ್ಸ್-ರೇ ತೆಗೆಯುವವರೆಗೆ ನಾಣ್ಯ ನುಂಗಿದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯೂ ಮಿತಿ ಮೀರಿದರೆ ಹೀಗೇ ಮೋಸ ಮಾಡುತ್ತದೆ. ಮೊದಲ ದಿನ ಹೆಚ್ಚೇನೂ ಕಾಣಿಸುವುದಿಲ್ಲ, ನಂತರ ಯಕೃತ್ತು ಸೋಲುತ್ತದೆ. ಎಂಟು ಗಂಟೆಯೊಳಗೆ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟರೆ ಯಕೃತ್ತನ್ನು ಬಹುಪಾಲು ಪ್ರಕರಣಗಳಲ್ಲಿ ಉಳಿಸಿಕೊಳ್ಳಬಹುದು. ನೋಡಲು ಚೆನ್ನಾಗಿದ್ದಾನಲ್ಲ ಎಂದು ಕಾಯುತ್ತಾ ಕೂತರೆ ಆ ಎಂಟು ಗಂಟೆ ಕೈತಪ್ಪುತ್ತದೆ. ‘ಈಗ ಚೆನ್ನಾಗಿದ್ದಾನೆ’ ಎಂಬ ಮಾತನ್ನು ಕೇಂದ್ರದವರು ಸುಲಭಕ್ಕೆ ನಂಬದಿರುವುದು ಇದಕ್ಕೇ.

ನಮ್ಮ ಕಡೆ ವಿಷಕ್ಕೆ ಪ್ರಥಮ ಚಿಕಿತ್ಸೆ ಎಂದು ನಡೆದುಬಂದಿರುವ ಪದ್ಧತಿಗಳ ಬಗ್ಗೆ ನೇರವಾಗಿಯೇ ಹೇಳಬೇಕು. ಉಪ್ಪುನೀರು ಕುಡಿಸುವುದು, ಸೋಪಿನ ನೀರು, ಹುಣಸೆಹಣ್ಣಿನ ರಸ, ಸಗಣಿ ನೀರು, ಗಂಟಲಿಗೆ ಬೆರಳು. ಎಲ್ಲದರ ಉದ್ದೇಶ ಒಂದೇ, ಹೇಗಾದರೂ ವಾಂತಿ ಮಾಡಿಸುವುದು. ಪ್ರೀತಿಯಿಂದ, ಗಾಬರಿಯಿಂದ ಮಾಡುವ ಈ ಕೆಲಸ ಜೀವ ತೆಗೆಯಬಲ್ಲದು. ಸೀಮೆಎಣ್ಣೆ ಹೊಟ್ಟೆಯಲ್ಲಿದ್ದಾಗ ಮಾಡುವ ಹಾನಿಗಿಂತ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದು ಮಾಡುವ ಹಾನಿ ದೊಡ್ಡದು. ಆಸಿಡ್ ಕೆಳಗಿಳಿಯುವಾಗ ಒಮ್ಮೆ ಸುಟ್ಟ ಅನ್ನನಾಳವನ್ನು ವಾಂತಿ ಇನ್ನೊಮ್ಮೆ ಸುಡುತ್ತದೆ. ಅತಿಯಾದ ಉಪ್ಪುನೀರಿನಿಂದ ರಕ್ತದ ಸೋಡಿಯಂ ಏರಿ ಮಕ್ಕಳು ಸತ್ತ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ಏನು ಹಾಕಿದರೂ ಅದು ಉಸಿರುನಾಳಕ್ಕೆ ಹೋಗುವ ಅಪಾಯವಿದೆ. ವಾಂತಿ ಬರಿಸುವ ಇಪೆಕಾಕ್ ಸಿರಪ್ಪನ್ನು ಅಮೆರಿಕದ ಮನೆಮನೆಯಲ್ಲೂ ಇಟ್ಟುಕೊಳ್ಳಿ ಎಂದು ದಶಕಗಳ ಕಾಲ ಹೇಳಿದ ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2003ರಲ್ಲಿ ಅದನ್ನು ಇಟ್ಟುಕೊಳ್ಳಬೇಡಿ ಎಂದು ತಿದ್ದಿಕೊಂಡಿತು. ವಿಜ್ಞಾನವೇ ಮಾತು ಬದಲಿಸಿದ ಮೇಲೆ ನಾವು ಹಳೆಯ ಪದ್ಧತಿಗೆ ಜೋತುಬೀಳಲು ಕಾರಣವಿಲ್ಲ.

ಕೇಂದ್ರಕ್ಕೆ ಮನೆಗಳಿಂದ ಬರುವಷ್ಟೇ ಮುಖ್ಯವಾದ ಕರೆಗಳು ವೈದ್ಯರಿಂದ ಬರುತ್ತವೆ. ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಒಬ್ಬರೇ ಇರುವ ಯುವ ವೈದ್ಯರು ಪ್ಯಾರಾಕ್ವಾಟ್ ಕಳೆನಾಶಕದ ರೋಗಿಯನ್ನು ವರ್ಷಕ್ಕೆ ಒಮ್ಮೆ ನೋಡಿದರೆ ಹೆಚ್ಚು. ಉಸಿರು ಕಷ್ಟವಾದವರಿಗೆ ಆಮ್ಲಜನಕ ಹಚ್ಚುವುದು ಎಲ್ಲರೂ ಕಲಿತ ಪಾಠ. ಪ್ಯಾರಾಕ್ವಾಟ್‌ನಲ್ಲಿ ಅನಗತ್ಯವಾಗಿ ಕೊಟ್ಟ ಆಮ್ಲಜನಕ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ. ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಹೊಟ್ಟೆಗೆ ಹೋದರೆ ಕುತ್ತಿಗೆ ಊದಿ ಉಸಿರುಗಟ್ಟಬಹುದು, ಆ ಗಂಡಾಂತರ ದಾಟಿದ ಮೇಲೂ ಮೂತ್ರಪಿಂಡ ಕೈಕೊಡಬಹುದು. ಇಂಥವನ್ನು ಆ ಗಳಿಗೆಯಲ್ಲಿ ನೆನಪಿಸಲು ಆ ಕಡೆ ಒಂದು ದನಿ ಬೇಕು.

2018ರ ಡಿಸೆಂಬರ್ 14ನ್ನು ಚಾಮರಾಜನಗರ ಜಿಲ್ಲೆ ಮರೆಯಲಾರದು. ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್‌ಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದವರು ಒಬ್ಬೊಬ್ಬರಾಗಿ ಕುಸಿದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ಪ್ರಾಣಬಿಟ್ಟರು. ಪ್ರಸಾದದಲ್ಲಿದ್ದದ್ದು ಮೊನೊಕ್ರೊಟೊಫಾಸ್ ಕೀಟನಾಶಕ. ಅದಕ್ಕೂ ಐದು ವರ್ಷ ಹಿಂದೆ, 2013ರ ಜುಲೈನಲ್ಲಿ, ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದದ್ದೂ ಇದೇ ರಾಸಾಯನಿಕ.

ಈ ಜಾತಿಯ ವಿಷ ದೇಹದೊಳಗೆ ಏನು ಮಾಡುತ್ತದೆಂದು ತಿಳಿದರೆ ವೈದ್ಯರು ಯಾವುದರ ಎದುರು ನಿಂತಿರುತ್ತಾರೆಂದು ಅರ್ಥವಾಗುತ್ತದೆ. ನರದ ತುದಿಯಿಂದ ಸ್ನಾಯುವಿಗೆ, ಗ್ರಂಥಿಗೆ ಆಜ್ಞೆ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ದ್ರವ್ಯ. ಆಜ್ಞೆ ಮುಟ್ಟಿದೊಡನೆ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಕೀಟನಾಶಕ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಕೆರೆಯ ತೂಬು ತೆಗೆದವನು ಮುಚ್ಚದೆ ಹೋದರೆ ಗದ್ದೆಗೆ ಏನಾಗುತ್ತದೋ ದೇಹಕ್ಕೂ ಅದೇ ಆಗುತ್ತದೆ. ಕಣ್ಣೀರು, ಜೊಲ್ಲು, ಬೆವರು, ಭೇದಿ ಒಟ್ಟಿಗೇ ಸುರಿಯುತ್ತವೆ. ಕಣ್ಣಿನ ಪಾಪೆ ಕುಗ್ಗಿ ಚುಕ್ಕಿಯಾಗುತ್ತದೆ. ಶ್ವಾಸಕೋಶ ತನ್ನದೇ ಸ್ರಾವದಲ್ಲಿ ಮುಳುಗುತ್ತದೆ. ಆಮೇಲೆ ಉಸಿರಾಟದ ಸ್ನಾಯುಗಳೇ ಸೋತು ನಿಲ್ಲಬಹುದು. ಪ್ರಯೋಗಾಲಯದ ವರದಿಗೆ ಕಾಯಲು ಸಮಯವಿಲ್ಲ. ಪಾಪೆ, ಜೊಲ್ಲು, ನಾಡಿ ಮೂರನ್ನೂ ಒಟ್ಟಿಗೆ ಓದಿ ಇದು ಯಾವ ಗುಂಪಿನ ವಿಷವೆಂದು ಊಹಿಸಿ ಚಿಕಿತ್ಸೆ ಶುರುಮಾಡಬೇಕು. ಫೋನಿನಾಚೆಯ ತಜ್ಞರೂ ಇದೇ ಮೂರನ್ನು ಕೇಳುತ್ತಾರೆ.

ಮದ್ದು ಅಟ್ರೊಪಿನ್, ಬೆಲ್ಲಡೋನಾ ಎಂಬ ವಿಷಗಿಡದಿಂದಲೇ ಬಂದದ್ದು, ನಮ್ಮ ಉಮ್ಮತ್ತಿಗೆ ಸಂಬಂಧಿ. ಶ್ವಾಸಕೋಶ ಒಣಗುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತಾ ಹೋಗಬೇಕೆಂಬುದು ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಆರೈಕೆಯಿಂದ ಗಟ್ಟಿಯಾದ ಕ್ರಮ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲ್‌ನಲ್ಲಿ ಇರುವುದು 0.6 ಮಿಲಿಗ್ರಾಂ. ಒಬ್ಬ ತೀವ್ರ ರೋಗಿಗೇ ಹತ್ತಾರು ಬೇಕಾಗುತ್ತವೆ. ಒಮ್ಮೆಗೇ ನೂರು ಜನ ಬಂದರೆ? ಯಾವ ಆಸ್ಪತ್ರೆಯಲ್ಲಿ ಎಷ್ಟು ದಾಸ್ತಾನಿದೆ, ಎಲ್ಲಿ ವೆಂಟಿಲೇಟರ್ ಖಾಲಿಯಿದೆ ಎಂದು ತಿಳಿದು ರೋಗಿಗಳನ್ನು ಹಂಚಿ ಕಳಿಸುವುದೂ ಒಳ್ಳೆಯ ವಿಷ ಮಾಹಿತಿ ಕೇಂದ್ರದ ಕೆಲಸವೇ.

ಬೇಕೆಂದೇ ವಿಷ ಸೇವಿಸಿದವರ ವಿಷಯವನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವವರಲ್ಲಿ ಸುಮಾರು ಕಾಲು ಭಾಗದ ಜನರನ್ನು ಕೊಲ್ಲುವುದು ವಿಷ. ಎಷ್ಟೋ ಮನೆಗಳಲ್ಲಿ ಪೊಲೀಸ್ ಕೇಸಾದೀತು, ಮಾನ ಹೋದೀತು ಎಂಬ ಹೆದರಿಕೆಯಲ್ಲೇ ಅಮೂಲ್ಯವಾದ ಗಂಟೆಗಳು ಕಳೆಯುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಬಗ್ಗೆ ಸ್ಪಷ್ಟವಾಗಿದೆ: ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಫೋನಿನಲ್ಲಿ ಸುಳ್ಳು ಹೇಳಿದರೆ ನಷ್ಟ ರೋಗಿಗೇ. ಕೇಂದ್ರದವರಿಗೆ ಬೇಕಿರುವುದು ಏನು, ಎಷ್ಟು ಹೊತ್ತಿಗೆ ಎಂಬ ಎರಡು ಸತ್ಯಗಳು. ಏಕೆ ಎಂಬುದನ್ನು ಆಮೇಲೆ, ಮನಸ್ಸಿನ ವೈದ್ಯರು ಸಮಾಧಾನವಾಗಿ ಕೇಳುತ್ತಾರೆ.

ಪ್ರತಿ ಕರೆಯನ್ನೂ ದಾಖಲಿಸುವುದು ಕೇಂದ್ರದ ಇನ್ನೊಂದು ಕೆಲಸ. ಒಂಟಿಯಾಗಿ ನೋಡಿದರೆ ಕಾಣದ್ದು ದಾಖಲೆಯ ರಾಶಿಯಲ್ಲಿ ಕಾಣುತ್ತದೆ. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಹೆನ್ರಿ ಬ್ರೊ ತಮ್ಮ ಆಸ್ಪತ್ರೆಯ ವಿಷ ನಿಯಂತ್ರಣ ಕೇಂದ್ರ ನಡೆಸುತ್ತಿದ್ದವರು. ಮಾತ್ರೆ ನುಂಗಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತು, ಒತ್ತಿ ತಿರುಗಿಸದೆ ತೆರೆಯದ ಮುಚ್ಚಳವೊಂದನ್ನು 1967ರಲ್ಲಿ ಬಳಕೆಗೆ ತಂದರು. ಆ ಭಾಗದಲ್ಲಿ ಮಕ್ಕಳ ವಿಷಪ್ರಾಶನ ಶೇ 91ರಷ್ಟು ಇಳಿಯಿತು. ಶ್ರೀಲಂಕಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಕೊಲಂಬೊದ ಸರ್ಕಾರಿ ಆಸ್ಪತ್ರೆಯಲ್ಲಿ 1988ರಲ್ಲಿ ರವೀಂದ್ರ ಫರ್ನಾಂಡೊ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಬಂತು. ಯಾವ ಕೀಟನಾಶಕ ಹೆಚ್ಚು ಜನರನ್ನು ಕೊಲ್ಲುತ್ತಿದೆ ಎಂದು ಲೆಕ್ಕ ಇಟ್ಟ ಆ ದೇಶ 1995ರಲ್ಲಿ ಅತಿ ಉಗ್ರ ದರ್ಜೆಯವನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ತಡೆಯಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ತಗ್ಗಿತು. ಬೆಳೆಯ ಇಳುವರಿ ಇದರಿಂದ ಕುಸಿಯಲಿಲ್ಲ. ಎಂಡೋಸಲ್ಫಾನಿನಿಂದ ದಕ್ಷಿಣ ಕನ್ನಡದ ಹಳ್ಳಿಗಳು ಏನೇನು ಅನುಭವಿಸಿದವೆಂದು ಬಲ್ಲ ನಮಗೆ, ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ನಮ್ಮಲ್ಲಿ 2005ರಲ್ಲೇ ಆದೇಶವಾಗಿತ್ತು. ಸುಳ್ವಾಡಿಯ ಪ್ರಸಾದಕ್ಕೆ ಬೀಳುವಷ್ಟು ಸುಲಭವಾಗಿ ಅದು 2018ರಲ್ಲೂ ಸಿಗುತ್ತಿತ್ತು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಮನಸ್ಸಿನ ಸಂಕಟಕ್ಕೆ ಕಿವಿಗೊಡುವ ಟೆಲಿ ಮಾನಸ್ 14416ರ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ನಮ್ಮ ರಾಜ್ಯ ಘೋಷಿಸಿತು. ಇಷ್ಟೆಲ್ಲ ಮಾಡಿದ ರಾಜ್ಯಕ್ಕೆ ಕನ್ನಡದಲ್ಲಿ ಮಾತಾಡುವ, ಹಗಲಿರುಳೂ ಎದ್ದಿರುವ ಒಂದು ವಿಷ ಸಹಾಯವಾಣಿ ಕಟ್ಟುವುದು ಭಾರವಲ್ಲ. ಜಿಲ್ಲೆಗೊಂದು ಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ 600ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಚಿಕ್ಕಪುಟ್ಟವನ್ನು ಸೇರಿಸುತ್ತಾ ಬಂದು ಈಗ ಐವತ್ತರ ಆಸುಪಾಸಿನಲ್ಲಿ ನಿಲ್ಲಿಸಿದ್ದಾರೆ, ಎಲ್ಲಕ್ಕೂ ಒಂದೇ ಸಂಖ್ಯೆ. ನುರಿತವರು ಒಂದೆಡೆ ಇದ್ದರೆ ಅಪರೂಪದ ವಿಷವೂ ಅವರಿಗೆ ಪರಿಚಿತವಾಗುತ್ತದೆ. ರಾಯಚೂರಿನ ಹತ್ತಿ ಹೊಲದ ಕೂಲಿಯಾಳು ‘ತಲಿ ತಿರುಗಾಕತ್ತೈತಿ, ಕಣ್ಣು ಮಂಜಾಗೇವ’ ಅಂದರೆ ಒಡನೆ ಹಿಡಿಯಬಲ್ಲ ಕಿವಿ ಆ ಕಡೆ ಇರಬೇಕು. ಆರೋಗ್ಯ ಇಲಾಖೆ ಇದನ್ನು 108ರ ಜೊತೆಗೇ ಬೆಸೆಯಲಿ. ಒಂದು ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನ ವಿಭಾಗ, ತರಬೇತಾದ ಫಾರ್ಮಸಿಸ್ಟರು, ಆಂಟಿಡೋಟ್ ದಾಸ್ತಾನಿನ ಪಟ್ಟಿ, ಇಷ್ಟಿದ್ದರೆ ಆರಂಭಿಸಬಹುದು.

ಅಲ್ಲಿಯವರೆಗೆ ಓದುಗರಲ್ಲಿ ಕೆಲವು ವಿನಂತಿ. ಸೀಮೆಎಣ್ಣೆ, ಆಸಿಡ್, ಕೀಟನಾಶಕಗಳನ್ನು ತಂಪುಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಬಾಯಾರಿದ ಮಗು ಬಾಟಲಿಯ ಆಕಾರ ನೋಡುತ್ತದೆ, ಒಳಗಿನದ್ದನ್ನಲ್ಲ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಧಾರಾಳ ನೀರಿನಿಂದ ತೊಳೆಯಿರಿ, ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆಯಾದರೂ ಹರಿಯುವ ನೀರು ಬಿಡಿ. ವಾಂತಿ ಮಾಡಿಸಬೇಡಿ. ಎಚ್ಚರ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. 1800 116 117 ಅನ್ನು ಈಗಲೇ ನಿಮ್ಮ ಫೋನಿಗೆ, ಅಡುಗೆಮನೆಯ ಗೋಡೆಗೆ, ಊರಿನ ಗೊಬ್ಬರದಂಗಡಿಯ ಬಾಗಿಲಿಗೆ ಬರೆದಿಡಿ. ಕರೆ ಮಾಡುವಾಗ ಡಬ್ಬಿ ಕೈಯಲ್ಲಿರಲಿ. ಆಸ್ಪತ್ರೆಗೆ ಹೋಗುವಾಗ ಅದನ್ನೂ ಜೊತೆಗೆ ಒಯ್ಯಿರಿ.